ಬ್ರಾಂಡ್ ಹೋದರೂ ಬಾಡಿಗೆ ತಪ್ಪದು: ಫ್ರಾಂಚೈಸಿ ಮಳಿಗೆ ಕರಾರಿನ ಒಳಸುಳಿ

ಬೆಂಗಳೂರು: ಬನಶಂಕರಿ 2ನೇ ಹಂತದ ಬಿಡಿಎ ಸಂಕೀರ್ಣದ ಆಸುಪಾಸಿನಲ್ಲಿ, ಕನಕಪುರ ರಸ್ತೆಯ ಇಕ್ಕೆಲಗಳಲ್ಲಿ ಹೆಸರಾಂತ ಸಂಸ್ಥೆಗಳ ನಾಮಫಲಕ ಹೊತ್ತ ಮಳಿಗೆಗಳು ಸಾಲುಗಟ್ಟಿವೆ. ಫಲಕದ ಮೇಲಿನ ಹೆಸರು ದೊಡ್ಡ ಸಂಸ್ಥೆಯದು. ಆದರೆ ಫ್ರಾಂಚೈಸಿ ಪದ್ಧತಿಯಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವವರು ಬಹುತೇಕ ಉಳಿತಾಯದ ಹಣ ತೊಡಗಿಸಿದ ಸ್ಥಳೀಯ ವ್ಯಾಪಾರಿಗಳು. ವ್ಯಾಪಾರ ಕುಸಿದು ಬಾಡಿಗೆ ಬಾಕಿ ಬಿದ್ದಾಗಲೇ ಈ ವ್ಯತ್ಯಾಸದ ಬಿಸಿ ತಟ್ಟುತ್ತದೆ.

ಎರಡು ಕರಾರು, ಎರಡು ಹೊಣೆ

ಫ್ರಾಂಚೈಸಿ ವ್ಯವಹಾರಕ್ಕೆ ಭಾರತದಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆಯೇ ಅದಕ್ಕೆ ಆಧಾರ. ಮಳಿಗೆಯ ಬಾಡಿಗೆ ಬೇರೆಯೇ ಕರಾರು. ಸಂಸ್ಥೆ ಫ್ರಾಂಚೈಸಿಯನ್ನು ರದ್ದುಪಡಿಸಿದ ಮಾತ್ರಕ್ಕೆ ಬಾಡಿಗೆ ಕರಾರು ಕೊನೆಗೊಳ್ಳದು. ಹಾಗೆ ಕೊನೆಗೊಳ್ಳಬೇಕಾದರೆ ಬಾಡಿಗೆ ಪತ್ರದಲ್ಲೇ ಆ ಷರತ್ತು ಇರಬೇಕು. ಇಲ್ಲವಾದರೆ ನಾಮಫಲಕ ಇಳಿದ ಮೇಲೂ ಬಾಡಿಗೆ ಏರುತ್ತಲೇ ಇರುತ್ತದೆ.

ಯಾವ ಕಾನೂನು ಅನ್ವಯ?

ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಗಳಿಗೂ, 14 ಚದರ ಮೀಟರ್‌ಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳಿಗೂ 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆ ದೊರೆಯದು. ಆದ್ದರಿಂದ ಫ್ರಾಂಚೈಸಿ ಮಳಿಗೆಗಳು ಸಾಮಾನ್ಯವಾಗಿ 1882ರ ಆಸ್ತಿ ವರ್ಗಾವಣೆ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ.

ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ನೋಂದಣಿಯಾಗದ ಐದು ವರ್ಷದ ಪತ್ರದ ಷರತ್ತುಗಳನ್ನು ನ್ಯಾಯಾಲಯ ಆಧಾರವಾಗಿ ಸ್ವೀಕರಿಸುವುದಿಲ್ಲ. ಆಗ ಬಾಡಿಗೆದಾರಿಕೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವಂಥದ್ದೆಂದು ಪರಿಗಣಿಸಲಾಗುತ್ತದೆ. 15 ದಿನಗಳ ನೋಟಿಸ್ ನೀಡಿ ಅದನ್ನು ಮುಗಿಸಬಹುದು. ಲಕ್ಷಾಂತರ ರೂಪಾಯಿ ಒಳಾಂಗಣ ಅಲಂಕಾರಕ್ಕೆ ಸುರಿದವರಿಗೆ ಇದು ದೊಡ್ಡ ಅಪಾಯ.

ಬಾಕಿ ಬಿದ್ದಾಗ

ಅವಧಿ ಉಳಿದಿರುವಾಗಲೇ ಬಾಕಿಯ ಕಾರಣಕ್ಕೆ ಗುತ್ತಿಗೆ ರದ್ದುಪಡಿಸಲು ಎರಡು ಅಂಶ ಅಗತ್ಯ: ಷರತ್ತು ಮುರಿದರೆ ಮಾಲೀಕ ಮರಳಿ ಸ್ವಾಧೀನ ಪಡೆಯಬಹುದೆಂಬ ಸ್ಪಷ್ಟ ಒಕ್ಕಣೆ ಹಾಗೂ ಲಿಖಿತ ನೋಟಿಸ್. ರದ್ದತಿಗೆ ಕಾರಣ ತಿಳಿದೂ ಮಾಲೀಕ ಮುಂದಿನ ತಿಂಗಳುಗಳ ಬಾಡಿಗೆ ಸ್ವೀಕರಿಸಿದರೆ, ರದ್ದತಿಯ ಹಕ್ಕನ್ನು ಬಿಟ್ಟುಕೊಟ್ಟಂತೆಯೇ ಸರಿ. ದಾವೆ ಹೂಡಿದ ನಂತರದ ಸ್ವೀಕೃತಿಗೆ ಈ ಮಾತು ಅನ್ವಯಿಸದು.

ವ್ಯಾಪಾರಿಗೂ ಕೊನೆಯ ಅವಕಾಶವೊಂದಿದೆ. ವಿಚಾರಣೆ ವೇಳೆ ಬಾಕಿ, ಬಡ್ಡಿ ಹಾಗೂ ದಾವೆಯ ಪೂರ್ಣ ವೆಚ್ಚ ಪಾವತಿಸಿದರೆ, ಅಥವಾ 15 ದಿನಗಳೊಳಗೆ ಪಾವತಿಸಲು ಭದ್ರತೆ ನೀಡಿದರೆ, ತೆರವಿನ ಬದಲು ಪರಿಹಾರ ನೀಡುವ ವಿವೇಚನಾಧಿಕಾರ 114ನೇ ಕಲಮಿನಡಿ ನ್ಯಾಯಾಲಯಕ್ಕಿದೆ. ಬೀಗ ಜಡಿದು ಹೊರಹಾಕುವ ಅಧಿಕಾರ ಮಾತ್ರ ಮಾಲೀಕನಿಗಿಲ್ಲ. ಹಾಗೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೋರಬಹುದು.

ಲಾಕ್-ಇನ್ ಎಂಬ ಗಂಟು

ತಿಂಗಳಿಗೆ ಒಂದು ಲಕ್ಷ ರೂಪಾಯಿ ಬಾಡಿಗೆ, 36 ತಿಂಗಳ ಲಾಕ್-ಇನ್ ಇದ್ದು, ವ್ಯಾಪಾರಿ 20 ತಿಂಗಳಿಗೇ ಬಿಟ್ಟರೆ 16 ಲಕ್ಷ ರೂಪಾಯಿಯ ಬೇಡಿಕೆ ಎದುರಾಗಬಹುದು. ಮುಂಗಡದಲ್ಲಿ ಅದನ್ನು ಮುರಿದುಕೊಳ್ಳುವ ಯತ್ನವೂ ನಡೆಯುತ್ತದೆ. ಆದರೆ ಕರಾರು ಕಾಯಿದೆಯ 74ನೇ ಕಲಮಿನಂತೆ ನಮೂದಿತ ಮೊತ್ತ ಗರಿಷ್ಠ ಮಿತಿಯಷ್ಟೇ. ಸಲ್ಲುವುದು ನ್ಯಾಯೋಚಿತ ಪರಿಹಾರ. ಮಳಿಗೆಗೆ ಬೇಗನೆ ಹೊಸ ಬಾಡಿಗೆದಾರ ಸಿಕ್ಕಿದರೆ ಮಾಲೀಕನ ನಷ್ಟವೂ ಅಷ್ಟಕ್ಕೇ ಇಳಿಯುತ್ತದೆ.

ಸಂಕಷ್ಟವೆಂಬ ಕಾರಣವೊಂದೇ ಸಾಲದು. ಕರಾರು ಪಾಲನೆ ಅಸಾಧ್ಯವಾಯಿತೆಂಬ 56ನೇ ಕಲಮಿನ ನಿಯಮ ಗುತ್ತಿಗೆಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. 2020ರ ಮೇನಲ್ಲಿ ದೆಹಲಿ ಹೈಕೋರ್ಟ್, ಲಾಕ್‌ಡೌನ್ ಕಾರಣ ನೀಡಿ ಬಾಡಿಗೆ ಅಮಾನತು ಕೋರಿದ ಖಾನ್ ಮಾರ್ಕೆಟ್ ಮಳಿಗೆಯೊಂದರ ಬಾಡಿಗೆದಾರರ ಅರ್ಜಿಯನ್ನು ತಿರಸ್ಕರಿಸಿತು. ಇಂತಹ ವಿನಾಯಿತಿ ಬೇಕಿದ್ದರೆ ಅದು ಪತ್ರದಲ್ಲೇ ಇರಬೇಕು.

ಸಹಿಗೆ ಮುನ್ನ

ಬಾಕಿ ತೀರಿಸಲು ಎಷ್ಟು ದಿನಗಳ ಗಡುವು, ಫ್ರಾಂಚೈಸಿ ರದ್ದಾದರೆ ಹೊರನಡೆಯಲು ಅವಕಾಶವಿದೆಯೇ, ಗುತ್ತಿಗೆಯನ್ನು ಸಂಸ್ಥೆ ಅಥವಾ ಹೊಸ ವ್ಯಾಪಾರಿ ವಹಿಸಿಕೊಳ್ಳಬಹುದೇ, ಮುಂಗಡ ಯಾವಾಗ ವಾಪಸು ಎಂಬ ನಾಲ್ಕು ಪ್ರಶ್ನೆಗಳಿಗೆ ಬಾಡಿಗೆ ಪತ್ರದಲ್ಲಿ ಉತ್ತರವಿರಬೇಕು. ಎರಡೂ ಕರಾರುಗಳ ಅವಧಿ ಒಂದೇ ದಿನ ಮುಗಿಯುವಂತೆ ನೋಡಿಕೊಳ್ಳುವುದು ಒಳಿತು. ಬ್ರಾಂಡಿನ ಕರಾರನ್ನು ಹತ್ತು ಸಲ ಓದುವವರು ಬಾಡಿಗೆ ಪತ್ರವನ್ನೂ ಒಮ್ಮೆ ವಕೀಲರಿಗೆ ತೋರಿಸುವುದು ಕ್ಷೇಮ.