ವಿದ್ಯುತ್ಕೆಲಸಗಾರನ ಕೈಯಾಯುಧಗಳು

ನಮ್ಮ ಪಾಠಶಾಲೆಯ ಸ್ಮರಣಸಂಚಿಕೆಯಲ್ಲಿ ಪರೀಕ್ಷೆಯ ಫಲಿತಾಂಶ, ಹೊಲಿಗೆ ಕಸೂತಿಗಳ ಪ್ರದರ್ಶನ, ಹಳೆಯ ವಿದ್ಯಾರ್ಥಿನಿಯರ ಕ್ಷೇಮಸಮಾಚಾರ ಮೊದಲಾದವುಗಳನ್ನು ಓದಿ ಸಂತೋಷಪಡುವ ವಾಚಕರು, ಈ ಸಲ ಪಕ್ಕಡ ಟೆಸ್ಟರುಗಳ ವಿಷಯವಾಗಿ ಬರೆದಿರುವದನ್ನು ಕಂಡು ಆಶ್ಚರ್ಯಪಡಬಹುದು. ಆದಕಾರಣ ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಅರಿಕೆಮಾಡಿಕೊಳ್ಳುವೆವು.

ಕಳೆದ ಮಳೆಗಾಲದ ಒಂದು ಮುಂಜಾನೆ ವಸತಿಗೃಹದ ಬಾವಿಯ ಚಿಕ್ಕ ಮೋಟಾರು ನಿಂತುಹೋಯಿತು. ಸ್ನಾನಕ್ಕೂ ಅಡುಗೆಗೂ ನೀರಿಲ್ಲದಂತಾದ್ದರಿಂದ ಎಲೆಕ್ಟ್ರಿಶಿಯನ್ ಒಬ್ಬನನ್ನು ಕರೆಸಿದೆವು. ಆತನು ಗೋಡೆಯ ಸ್ವಿಚ್ಚನ್ನು ಆರಿಸಿ, ಮೋಟಾರಿನ ತಂತಿಗೆ ಟೆಸ್ಟರು ಹಚ್ಚಿ, ಅದರ ದೀಪವು ಹೊತ್ತದ್ದರಿಂದ ಅಲ್ಲ, ಹೊತ್ತದೆ ಇದ್ದುದರಿಂದ ಕರೆಂಟಿಲ್ಲವೆಂದು ನಿಶ್ಚಯಿಸಿ, ಹಿಡಿಯ ರಬ್ಬರು ಹರಿದಿದ್ದ ಪಕ್ಕಡವನ್ನು ಕೈಗೆತ್ತಿಕೊಂಡನು. ನೆಲವೆಲ್ಲ ಹಸಿಯಾಗಿತ್ತು. ಆಗ ಕೊಡ ಹಿಡಿದು ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಅಣ್ಣಾ, ಆ ಟೆಸ್ಟರ್ ನಡೀತದೇನ್ರಿ? ಒಮ್ಮೆ ಅಡುಗಿಮನಿ ಪ್ಲಗ್ಗಿನಾಗ ಹಚ್ಚಿ ನೋಡ್ರಿ” ಎಂದಳು. ಆತನು ನಕ್ಕನು, ಆದರೂ ಹೋಗಿ ನೋಡಿದನು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಆದರೆ ಅಲ್ಲಿಯ ಪ್ಲಗ್ಗಿನಲ್ಲಿಯೂ ಟೆಸ್ಟರು ಹೊತ್ತಲಿಲ್ಲ. ಕೆಟ್ಟದ್ದು ಟೆಸ್ಟರು! ಬಜಾರದಿಂದ ಬೇರೊಂದನ್ನು ತರಿಸಿ ಹಚ್ಚಿದಾಗ ಮೋಟಾರಿನ ತಂತಿಯಲ್ಲಿ ಕರೆಂಟು ತುಂಬಿಕೊಂಡೇ ಇರುವದು ತಿಳಿದುಬಂದಿತು. ಆ ಸ್ವಿಚ್ಚನ್ನು ಫೇಸ್ ತಂತಿಗೆ ಕೂಡಿಸದೆ ನ್ಯೂಟ್ರಲ್ ತಂತಿಗೆ ಕೂಡಿಸಿದ್ದರು. ಆದ್ದರಿಂದ ಸ್ವಿಚ್ಚು ಆರಿದರೂ ಮೋಟಾರು ಮಾತ್ರ ನಿಲ್ಲುತ್ತಿತ್ತೇ ಹೊರತು ತಂತಿಯ ಅಪಾಯ ಹೋಗುತ್ತಿರಲಿಲ್ಲ. ಖರ್ಚು ಉಳಿಯಲೆಂದು ಪರವಾನಗಿಯಿಲ್ಲದವರಿಂದ ಆ ಕೆಲಸವನ್ನು ಹಿಂದೆ ಮಾಡಿಸಿದವರು ನಾವೇ. ಈ ತಪ್ಪನ್ನು ಇಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇವೆ.

ಲೈನ್‌ಮನ್ನನ ಮಗಳಾದ ಆ ಹುಡುಗಿಗೆ ಗೊತ್ತಿದ್ದ ಮಾತು ಮುಖ್ಯೋಪಾಧ್ಯಾಯಿನಿಯಾದ ನಮಗೆ ಗೊತ್ತಿರಲಿಲ್ಲ. ಅಂದಿನಿಂದ ಈ ಆಯುಧಗಳು ಹೇಗೆ ಹುಟ್ಟಿದವು, ಹೇಗೆ ಕೆಲಸಮಾಡುತ್ತವೆ, ಎಲ್ಲಿ ಮೋಸಹೋಗುತ್ತವೆ ಎಂಬದನ್ನು ನಾವು ಓದಿ ತಿಳಿದುಕೊಂಡೆವು. ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮನೆಮನೆಗಳಲ್ಲಿ ಇಂದು ಕರೆಂಟಿನ ಬಳಕೆಯಿದೆ. ನಮ್ಮ ಮಕ್ಕಳ ತಂದೆ, ಅಣ್ಣಂದಿರಲ್ಲಿ ಹಲವರು ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಲ್ಲಿಯೂ, ರೈಲ್ವೆಯಲ್ಲಿಯೂ, ಜೆಸ್ಕಾಂನಲ್ಲಿಯೂ ದುಡಿಯುವವರು. ಶಹಾಬಾದಿ ಕಲ್ಲನ್ನು ಕೊಯ್ದು ನುಣುಪುಗೊಳಿಸುವ ಯಂತ್ರಗಳ ಬಳಿಯಲ್ಲಂತೂ ನೀರೂ ಕರೆಂಟೂ ದಿನವಿಡೀ ಅಕ್ಕಪಕ್ಕದಲ್ಲಿರುತ್ತವೆ. ಆದಕಾರಣ ಈ ವಿಷಯವು ನಮ್ಮ ವಾಚಕರಿಗೆ ದೂರದ್ದಲ್ಲ.

ಕರ್ನಾಟಕದಲ್ಲಿ ವಿದ್ಯುಚ್ಛಕ್ತಿಯ ದೊಡ್ಡ ಕಾರ್ಯವು 1902ರಲ್ಲಿ ಪ್ರಾರಂಭವಾಯಿತು. ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ಶಕ್ತಿಯನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ದರು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ತಂತಿಯು ಬಂದಲ್ಲೆಲ್ಲ ಅದನ್ನು ಮುಟ್ಟುವ ಕೆಲಸಗಾರನೂ ಬಂದನು. ಆತನ ಕೈಗೆ ಆಯುಧಗಳು ಬೇಕಾದವು. ಆದರೆ ಆ ಆಯುಧಗಳ ಕಥೆಯು ಅದಕ್ಕಿಂತ ಹಿಂದೆಯೇ, ಹೊರದೇಶಗಳಲ್ಲಿ ಪ್ರಾರಂಭವಾಗಿತ್ತು.

ವಿದ್ಯುತ್ತನ್ನು ಪರೀಕ್ಷಿಸುವ ಮೊದಲನೆಯ ಉಪಕರಣವು ಮನುಷ್ಯನ ಶರೀರವೇ ಎಂದರೆ ಉತ್ಪ್ರೇಕ್ಷೆಯಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶನು, ಅಳೆಯುವ ಯಂತ್ರಗಳು ಇಲ್ಲದಿದ್ದುದರಿಂದ, ತನ್ನ ಕೈಗೆ ಬಡಿದ ಆಘಾತವು ಹೆಚ್ಚೋ ಕಡಿಮೆಯೋ ಎಂದು ಹೋಲಿಸಿ ವಸ್ತುಗಳ ವಿದ್ಯುದ್ವಾಹಕ ಗುಣವನ್ನು ಗೊತ್ತುಮಾಡುತ್ತಿದ್ದನು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೂ ಅಮೆರಿಕದಲ್ಲಿ ಕೆಲವು ಕೆಲಸಗಾರರು ಬೆರಳಿನಿಂದ ಮುಟ್ಟಿ ಕರೆಂಟಿದೆಯೋ ಇಲ್ಲವೋ ಎಂದು ನೋಡುವ ರೂಢಿಯಿತ್ತು. ಈ ರೂಢಿಯು ಎಷ್ಟು ಜನರ ಪ್ರಾಣಕ್ಕೆ ಮುಳುವಾಗಿರಬಹುದೆಂಬದನ್ನು ವಾಚಕರೇ ಊಹಿಸಬಹುದು. ಬೆರಳು ಮಾಡುತ್ತಿದ್ದ ಕೆಲಸವನ್ನು ಬೆರಳಿನಿಂದ ತೆಗೆದು ಬೇರೊಂದು ವಸ್ತುವಿಗೆ ಒಪ್ಪಿಸುವದೇ ಮುಂದಿನ ಎಲ್ಲ ಶೋಧಗಳ ಗುರಿಯಾಯಿತು.

ಕತ್ತರಿಸುವ ಆಯುಧದ ಕಥೆಯೊಂದು ಸ್ವಾರಸ್ಯವಾಗಿದೆ. 1857ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಮಥಾಯಸ್ ಕ್ಲೈನ್ ಎಂಬವನ ಕಮ್ಮಟಕ್ಕೆ ಟೆಲಿಗ್ರಾಫಿನ ಲೈನ್‌ಮನ್ ಒಬ್ಬನು ಮುರಿದ ಪಕ್ಕಡವನ್ನು ತಂದನು. ಕ್ಲೈನನು ಮುರಿದ ಅರ್ಧವನ್ನು ಹೊಸದಾಗಿ ಕಾಯಿಸಿ ಬಡಿದು, ಹಳೆಯ ಅರ್ಧಕ್ಕೆ ಕೂಡಿಸಿ ಕೊಟ್ಟನು. ಕೆಲವು ಕಾಲದ ಮೇಲೆ ಹಳೆಯ ಅರ್ಧವೂ ಮುರಿಯಿತು. ಅದನ್ನೂ ಹೊಸದಾಗಿ ಮಾಡಿಕೊಡಲು ಕ್ಲೈನನ ಕೈಯ ಒಂದು ಪೂರ್ಣ ಪಕ್ಕಡವು ಸಿದ್ಧವಾಯಿತು. ಅಲ್ಲಿಂದ ಬೆಳೆದ ವ್ಯಾಪಾರವು ಇಂದಿಗೂ ಆ ಮನೆತನದ ಹೆಸರಿನಲ್ಲಿ ನಡೆಯುತ್ತಿದೆ. ಕೆಲಸಗಾರನ ಕೈಯಲ್ಲಿ ಮುರಿದದ್ದನ್ನು ಕಂಡು, ಅದು ಏಕೆ ಮುರಿಯಿತೆಂದು ಕೇಳಿದವನೇ ಇಲ್ಲಿ ಶೋಧಕನು.

ಪಕ್ಕಡದ ಬಲವೆಲ್ಲ ಸನ್ನೆಯ ತತ್ತ್ವದಲ್ಲಿದೆ. ನಡುವಿನ ಕೀಲಿನಿಂದ ಕೈ ಹಿಡಿಯುವ ಸ್ಥಳವು 12 ಸೆಂಟಿಮೀಟರ್, ಕತ್ತರಿಸುವ ಅಲಗು ಒಂದೂವರೆ ಸೆಂಟಿಮೀಟರ್ ದೂರದಲ್ಲಿವೆ ಎನ್ನೋಣ. ಆಗ ಕೈಯಿಂದ 20 ಕಿಲೋ ಭಾರದಷ್ಟು ಒತ್ತಿದರೆ ಅಲಗಿನಲ್ಲಿ ಎಂಟು ಪಟ್ಟು, ಅಂದರೆ 160 ಕಿಲೋ ಭಾರದಷ್ಟು ಬಲವು ಬೀಳುತ್ತದೆ. ಕೀಲನ್ನು ಅಲಗಿಗೆ ಇನ್ನಷ್ಟು ಸಮೀಪಕ್ಕೆ ತಂದರೆ ಕೈಗೆ ಇನ್ನಷ್ಟು ಹಗುರವಾಗುವದು. ನಮ್ಮ ಅಡಕತ್ತರಿಯನ್ನು ಬಲ್ಲ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಅಡಿಕೆಯನ್ನು ಕೀಲಿನ ಹತ್ತಿರ ಇಟ್ಟಷ್ಟೂ ಅದು ಸುಲಭವಾಗಿ ಒಡೆಯುತ್ತದಲ್ಲವೇ?

ಆದರೆ ಹಿಡಿಯ ಮೇಲಿನ ಹೊದಿಕೆಯ ವಿಷಯದಲ್ಲಿ ಜನರು ಮೋಸಹೋಗುತ್ತಾರೆ. ಬಣ್ಣಬಣ್ಣದ ಪ್ಲಾಸ್ಟಿಕ್ಕೆಲ್ಲವೂ ರಕ್ಷೆಯಲ್ಲ. ಕೆಲವು ಕೇವಲ ಕೈ ನೋಯದಿರಲೆಂದು ಹಾಕಿದ್ದಾಗಿರುತ್ತವೆ. ಐ.ಇ.ಸಿ. 60900 ಎಂಬ ಅಂತರರಾಷ್ಟ್ರೀಯ ನಿಯಮದಂತೆ ತಯಾರಾದ ಆಯುಧಗಳ ಮೇಲೆ ಮಾತ್ರ ಎರಡು ತ್ರಿಕೋನಗಳ ಗುರುತೂ 1000 ವೋಲ್ಟು ಎಂಬ ಬರಹವೂ ಇರುತ್ತವೆ. ಅಂಥವುಗಳಲ್ಲಿ ಪ್ರತಿಯೊಂದನ್ನೂ 10,000 ವೋಲ್ಟುಗಳಿಂದ ಪರೀಕ್ಷಿಸಿದ ಮೇಲೆಯೇ ಹೊರಗೆ ಕಳುಹಿಸುತ್ತಾರೆ. ಹೊದಿಕೆಯು ಹರಿದರೆ ಆ ಆಯುಧದ ಆಯುಷ್ಯವು ತೀರಿತೆಂದೇ ತಿಳಿಯಬೇಕು. ತಂತಿಯ ಮೇಲಿನ ಸಿಪ್ಪೆಯನ್ನು ಹಲ್ಲಿನಿಂದಲೋ ಚಾಕುವಿನಿಂದಲೋ ಸುಲಿಯುವದೂ ಒಳ್ಳೆಯದಲ್ಲ. ಚಾಕುವು ಒಳಗಿನ ತಾಮ್ರಕ್ಕೆ ಗಾಯಮಾಡುವದು. ಗಾಯವಾದ ಸ್ಥಳದಲ್ಲಿ ತಂತಿಯು ತೆಳುವಾಗಿ ಬಿಸಿಯಾಗುವದು, ಕಡೆಗೆ ಮುರಿಯುವದು. ಸಿಪ್ಪೆ ಸುಲಿಯುವ ಸ್ಟ್ರಿಪ್ಪರಿನಲ್ಲಿ ಒಂದೊಂದು ದಪ್ಪದ ತಂತಿಗೆ ಒಂದೊಂದು ಕಚ್ಚನ್ನು ಕೊರೆದಿರುವದರಿಂದ ಅಲಗು ತಾಮ್ರದವರೆಗೆ ಇಳಿಯಲಾರದು.

ಇನ್ನು ಟೆಸ್ಟರಿನ ವಿಷಯ. 1910ರಲ್ಲಿ ಫ್ರಾನ್ಸಿನ ಜಾರ್ಜ್ ಕ್ಲೋಡನು ನಿಯಾನ್ ಅನಿಲವನ್ನು ತುಂಬಿದ ದೊಡ್ಡ ದೀಪಗಳನ್ನು ಪ್ಯಾರಿಸಿನಲ್ಲಿ ಪ್ರದರ್ಶಿಸಿದನು. 1917ರಲ್ಲಿ ಅಮೆರಿಕದ ಡೇನಿಯಲ್ ಮ್ಯಾಕ್‌ಫರ್ಲನ್ ಮೂರನು ಬೆರಳಿನ ತುದಿಯಷ್ಟೇ ಇರುವ ನಿಯಾನ್ ದೀಪವನ್ನು ಮಾಡಿದನು. ಈ ಚಿಕ್ಕ ದೀಪವು ಹೊತ್ತಲು ಸುಮಾರು 60ರಿಂದ 90 ವೋಲ್ಟು ಬೇಕು. ಆದರೆ ಪ್ರವಾಹವು ಬಹು ಸ್ವಲ್ಪವಿದ್ದರೂ ಸಾಕು. ಈ ಗುಣದಿಂದಲೇ ಅದು ತಿರುಪುಳಿಯ ಹಿಡಿಯೊಳಗೆ ಸೇರಿ ನಮ್ಮೆಲ್ಲರ ಟೆಸ್ಟರಾಯಿತು.

ಟೆಸ್ಟರಿನ ಲೋಹದ ತುದಿಯ ಹಿಂದೆ ಸುಮಾರು ಹತ್ತು ಲಕ್ಷ ಓಮ್‌ನಷ್ಟು ಅಡ್ಡಿಯನ್ನು ಒಡ್ಡುವ ಒಂದು ಚಿಕ್ಕ ರೆಸಿಸ್ಟರು, ಅದರ ಹಿಂದೆ ನಿಯಾನ್ ದೀಪ, ಸ್ಪ್ರಿಂಗು, ಕಡೆಗೆ ನಾವು ಬೆರಳಿಡುವ ಟೊಪ್ಪಿಗೆ ಇರುತ್ತವೆ. ತಂತಿಯಿಂದ ಹೊರಟ ಪ್ರವಾಹವು ಇವೆಲ್ಲವನ್ನೂ ದಾಟಿ, ನಮ್ಮ ಬೆರಳಿನಿಂದ ಶರೀರದೊಳಗೆ ಬಂದು ನೆಲವನ್ನು ಸೇರುತ್ತದೆ. 230 ವೋಲ್ಟಿನ ತಂತಿಯನ್ನು ಮುಟ್ಟಿಸಿದರೂ ಪ್ರವಾಹವು ಒಂದು ಮಿಲಿಆಂಪಿಯರಿನ ಕಾಲುಭಾಗದ ಒಳಗೇ ಇರುವದರಿಂದ ನಮಗೆ ಅದು ತಿಳಿಯುವದೂ ಇಲ್ಲ. ಆದರೆ ಕ್ಯಾವೆಂಡಿಶನ ಕಾಲದಂತೆ ಇಂದಿಗೂ ನಮ್ಮ ಶರೀರವೇ ಈ ಉಪಕರಣದ ಒಂದು ಭಾಗವೆಂಬದನ್ನು ಮರೆಯಕೂಡದು. ರೆಸಿಸ್ಟರೊಂದೇ ನಮ್ಮನ್ನು ಕಾಯುತ್ತದೆ. ಒಳಗೆ ನೀರು ಸೇರಿದ ಟೆಸ್ಟರನ್ನು ಮುಟ್ಟಬಾರದೆನ್ನುವದು ಇದರಿಂದಲೇ.

ಈ ಪುಟ್ಟ ಸಾಕ್ಷಿಯು ಸುಳ್ಳು ಹೇಳುವ ಸಂದರ್ಭಗಳೂ ಉಂಟು. ದೀಪವು ಕೆಟ್ಟಿದ್ದರೆ ಹೊತ್ತುವದಿಲ್ಲ. ಹಿಡಿದವನು ಒಣಗಿದ ಮರದ ಏಣಿಯ ಮೇಲೆಯೋ ರಬ್ಬರಿನ ಪಾದರಕ್ಷೆಯಲ್ಲಿಯೋ ಇದ್ದರೆ ಬಹಳ ಮಂದವಾಗಿ ಹೊತ್ತುವದು. ಬಿಸಿಲಿನಲ್ಲಿ ಹೊತ್ತಿದರೂ ಕಾಣಿಸದು. ಹೀಗೆ “ಹೊತ್ತಿದೆ” ಎಂಬ ಅದರ ಮಾತು ಎಚ್ಚರಿಕೆಯೆಂದು ಸ್ವೀಕರಿಸತಕ್ಕದ್ದು. “ಹೊತ್ತಿಲ್ಲ” ಎಂಬ ಮಾತು ಅಭಯವೆಂದು ಸ್ವೀಕರಿಸತಕ್ಕದ್ದಲ್ಲ. ಆದುದರಿಂದ ಬಲ್ಲವರು ಮೂರು ಸಲ ಪರೀಕ್ಷಿಸುತ್ತಾರೆ: ಕರೆಂಟು ಇರುವದು ಖಂಡಿತವಾಗಿರುವ ಕಡೆ ಒಮ್ಮೆ, ಕೆಲಸದ ತಂತಿಯಲ್ಲಿ ಒಮ್ಮೆ, ತಿರುಗಿ ಮೊದಲಿನ ಕಡೆ ಇನ್ನೊಮ್ಮೆ. ನಮ್ಮ ಹುಡುಗಿಯು ಹೇಳಿದ ಮಾತು ಇದೇ. ಎರಡು ಮೊನೆಗಳುಳ್ಳ, ಶರೀರದ ಸಹಾಯವಿಲ್ಲದೆ ಎರಡು ತಂತಿಗಳ ನಡುವಿನ ವೋಲ್ಟನ್ನು ತೋರಿಸುವ ಟೆಸ್ಟರುಗಳೂ ಈಗ ದೊರೆಯುತ್ತವೆ. ಅವು ಹೆಚ್ಚು ನಂಬಿಕೆಗೆ ಯೋಗ್ಯ.

ಉಳಿದ ಉಪಕರಣಗಳನ್ನು ಸಂಕ್ಷೇಪವಾಗಿ ಹೇಳುವೆವು. ತಂತಿಯ ಸಿಪ್ಪೆಯು ಒಳಗೊಳಗೇ ಕೆಟ್ಟಿದೆಯೋ ಎಂದು ನೋಡುವ ಉಪಕರಣವನ್ನು ಇಂಗ್ಲೆಂಡಿನ ಸಿಡ್ನಿ ಎವರ್‌ಶೆಡ್ಡನು 1889ರಲ್ಲಿ ರಚಿಸಿದನು. ಕೈಯಿಂದ ತಿರುಗಿಸಿ ಸ್ವತಃ ವಿದ್ಯುತ್ತನ್ನು ಹುಟ್ಟಿಸುವ ಅದರ ಪೆಟ್ಟಿಗೆಯು 1903ರಿಂದ ಮೆಗ್ಗರ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದೇ ದೇಶದ ಅಂಚೆ ಇಲಾಖೆಯ ಇಂಜಿನಿಯರನಾದ ಡೊನಾಲ್ಡ್ ಮೆಕಾಡಿಯು, ಟೆಲಿಫೋನ್ ತಂತಿಗಳ ಕೆಲಸಕ್ಕೆ ಮೂರುನಾಲ್ಕು ಯಂತ್ರಗಳನ್ನು ಹೊತ್ತು ತಿರುಗಿ ಬೇಸತ್ತು, ಆಂಪಿಯರು, ವೋಲ್ಟು, ಓಮ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಏವೋಮೀಟರನ್ನು ಕಲ್ಪಿಸಿದನು. 1923ರಲ್ಲಿ ಮಾರಾಟಕ್ಕೆ ಬಂದ ಅದರ ತಯಾರಿಕೆಯು 2008ರವರೆಗೆ ನಡೆಯಿತು. ಇಂದಿನ ಅಂಗೈಯಗಲದ ಮಲ್ಟಿಮೀಟರುಗಳು ಅದರ ಮರಿಮಕ್ಕಳೆನ್ನಬಹುದು.

ತಂತಿಯನ್ನು ಕತ್ತರಿಸದೆ, ಸುಲಿಯದೆ, ಬರಿಯ ದವಡೆಯಿಂದ ಸುತ್ತುವರಿದು ಪ್ರವಾಹವನ್ನು ಅಳೆಯುವ ಟಾಂಗ್ ಟೆಸ್ಟರೂ ಉಂಟು. ಹರಿಯುವ ವಿದ್ಯುತ್ತಿನ ಸುತ್ತ ಹುಟ್ಟುವ ಕಾಂತಶಕ್ತಿಯನ್ನು ಅದರ ದವಡೆಯು ಗ್ರಹಿಸುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ದವಡೆಯಲ್ಲಿ ಹಿಡಿದರೆ ಸೊನ್ನೆಯನ್ನು ತೋರಿಸುವದು. ಹೋದಷ್ಟೇ ತಿರುಗಿ ಬರುತ್ತಿರುವದರಿಂದ ಒಂದು ಇನ್ನೊಂದನ್ನು ಅಳಿಸಿಬಿಡುತ್ತದೆ. ಮನೆಗಳಲ್ಲಿ ಕೂಡಿಸುವ ಆರ್.ಸಿ.ಸಿ.ಬಿ. ಎಂಬ ರಕ್ಷಕ ಸ್ವಿಚ್ಚು ಕಾಯುವದೂ ಈ ಸೊನ್ನೆಯನ್ನೇ. 30 ಮಿಲಿಆಂಪಿಯರಿನಷ್ಟು ಪ್ರವಾಹವು ಯಾರದೋ ಶರೀರದ ಮೂಲಕ ನೆಲಕ್ಕೆ ಸೋರಿದರೂ ಲೆಕ್ಕವು ತಪ್ಪಿ, ಕಣ್ಣು ಮುಚ್ಚಿ ತೆರೆಯುವದರೊಳಗೆ ಅದು ಕರೆಂಟನ್ನು ಕಡಿದುಹಾಕುತ್ತದೆ.

ಇವೆಲ್ಲವೂ ಗಂಡಸರ ಕೆಲಸವೆಂದು ಕೆಲವು ಪೋಷಕರು ಎನ್ನಬಹುದು. 1942ರಲ್ಲಿ ಇಂಗ್ಲೆಂಡಿನಲ್ಲಿ ಯುದ್ಧಾನಂತರದ ಮನೆಗಳ ವಿದ್ಯುದ್ವ್ಯವಸ್ಥೆಯನ್ನು ಗೊತ್ತುಮಾಡಲು ನೇಮಿಸಿದ 20 ಜನರ ಸಮಿತಿಯಲ್ಲಿ ಕ್ಯಾರೊಲಿನ್ ಹ್ಯಾಸ್ಲೆಟ್ ಎಂಬವರು ಏಕಮಾತ್ರ ಸ್ತ್ರೀ ಸದಸ್ಯೆ. ಪ್ಲಗ್ಗಿನ ಮುಖ್ಯ ಲಕ್ಷಣವು ಚಿಕ್ಕ ಮಕ್ಕಳ ಸುರಕ್ಷತೆಯೇ ಆಗಿರಬೇಕೆಂದು ಆ ಸಮಿತಿಯು ಒಪ್ಪಿತು. 1947ರಲ್ಲಿ ಅಲ್ಲಿ ಹೊರಟ ನಿಯಮದಂತೆ ಪ್ಲಗ್ಗಿನ ತೂತುಗಳಿಗೆ ಒಳಬಾಗಿಲು ಬಂದಿತು; ಉದ್ದನೆಯ ಮೂರನೆಯ ಕಡ್ಡಿಯು ಒಳಸೇರಿದ ಹೊರತು ಉಳಿದೆರಡು ತೂತುಗಳು ತೆರೆಯವು. ಮಗುವಿಗೆ “ಬೆರಳಿಡಬೇಡ” ಎಂದು ಸಾವಿರ ಸಲ ಹೇಳುವದಕ್ಕಿಂತ, ಬೆರಳಿಟ್ಟರೂ ಅಪಾಯವಾಗದಂತೆ ಮಾಡುವದು ಹೆಚ್ಚಿನ ಬುದ್ಧಿ.

ಬಾವಿಯ ಸಂಗತಿಯಾದ ಮೇಲೆ ನಮ್ಮ ಒಂಬತ್ತನೆಯ ತರಗತಿಯವರು ಇಸ್ತ್ರಿಪೆಟ್ಟಿಗೆಯ ತಂತಿಯು ಒಳಗೆ ಮುರಿದಿದೆಯೋ ಎಂದು ನೋಡುವ ಉಪಕರಣವೊಂದನ್ನು ತಾವೇ ಮಾಡಿದರು. ಸೋಪಿನ ಡಬ್ಬಿಯಲ್ಲಿ ಬ್ಯಾಟರಿಯ ಎರಡು ಸೆಲ್ಲು, ಒಂದು ರೆಸಿಸ್ಟರು, ಒಂದು ಕೆಂಪು ಎಲ್.ಇ.ಡಿ. ದೀಪ, ಹೊರಗೆ ಎರಡು ತಂತಿಗಳ ತುದಿಗೆ ಹೊಲಿಗೆಯ ತರಗತಿಯ ದಬ್ಬಣಗಳು. ದೀಪವು ಚೆನ್ನಾಗಿ ಹೊತ್ತಿತು, ನಾವೂ ಹೊಗಳಿದೆವು. ಆದರೆ ಅವರಲ್ಲೊಬ್ಬಳು, “ಅಕ್ಕಾವ್ರೆ, ಸಣ್ಣ ಹುಡುಗ್ಯಾರು ಈ ದಬ್ಬಣ ಗ್ವಾಡಿ ಪ್ಲಗ್ಗಿನಾಗ ಚುಚ್ಚಿದ್ರ?” ಎಂದು ಕೇಳಿದಳು. ನಾವು ನಿರುತ್ತರರಾದೆವು. ಒಂದು ವಾರ ಅವರೇ ಯೋಚಿಸಿ, ದಬ್ಬಣಗಳನ್ನು ಕಿತ್ತುಹಾಕಿ, ಡಬ್ಬಿಯ ಮೇಲೆಯೇ ಒಂದು ಪ್ಲಗ್ಗಿನ ಮನೆಯನ್ನು ಕೂಡಿಸಿದರು. ಈಗ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ತೆಗೆದು ಡಬ್ಬಿಗೆ ಹಾಕಿದರೆ ಮಾತ್ರ ಪರೀಕ್ಷೆ ನಡೆಯುತ್ತದೆ. ಗೋಡೆಗೆ ಚುಚ್ಚಲು ಅದರಲ್ಲಿ ಏನೂ ಉಳಿದಿಲ್ಲ. ಅದಕ್ಕೆ ಆದ ವೆಚ್ಚವು ಸ್ವಲ್ಪ. ಆದರೆ ಕ್ಲೈನನೂ ಮೆಕಾಡಿಯೂ ಹ್ಯಾಸ್ಲೆಟ್ಟರೂ ನಡೆದ ದಾರಿಯಲ್ಲಿಯೇ ಆ ಮಕ್ಕಳು ನಡೆದರೆಂದು ನಮಗೆ ತೋರುತ್ತದೆ.

ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಮನೆಯ ಸ್ವಿಚ್ಚುಗಳು ಫೇಸ್ ತಂತಿಯ ಮೇಲಿವೆಯೋ ಎಂದು ಪರವಾನಗಿಯುಳ್ಳವರಿಂದ ಒಮ್ಮೆ ನೋಡಿಸಿರಿ, ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಹಾಕಿಸಿರಿ. ಕೆಲಸಕ್ಕೆ ಬಂದವನ ಟೆಸ್ಟರು ನಡೆಯುತ್ತದೆಯೋ ಎಂದು ಕೇಳಲು ನಾಚಬೇಡಿರಿ. ಆತನೂ ಒಂದು ಮನೆಯ ಮಗನು. ನಮ್ಮ ಬಾವಿಯ ಸ್ವಿಚ್ಚನ್ನು ಸರಿಪಡಿಸಿದ್ದೇವೆ. ಸೋಪಿನ ಡಬ್ಬಿಯು ವಿಜ್ಞಾನದ ಕೊಠಡಿಯಲ್ಲಿದೆ. ವಾರ್ಷಿಕೋತ್ಸವಕ್ಕೆ ಬಂದವರು ಅವಶ್ಯವಾಗಿ ನೋಡಿಹೋಗಬೇಕೆಂದು ಕೋರುತ್ತೇವೆ.