ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಒಂದೇ ಪ್ರೈಮ್ ಲೆನ್ಸ್‌ನ ಆಯ್ಕೆ

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಛಾಯಾಗ್ರಾಹಕನು ಲೆನ್ಸ್‌ನ (ಮಸೂರದ) ಮೂಲಕ ನೋಡುವುದಿಲ್ಲ. ಲೆನ್ಸ್‌ನ ಮೇಲ್ಭಾಗದಲ್ಲಿ, ಒಂದು ಪಕ್ಕಕ್ಕೆ ಇರುವ ಪ್ರತ್ಯೇಕ ಕಿಂಡಿಯಿಂದ ದೃಶ್ಯವನ್ನು ನೋಡಿ, ಅಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸಿ ವಸ್ತುವಿನ ದೂರವನ್ನು ಹೊಂದಿಸುತ್ತಾನೆ. ಸಂಗಮದೂರ ಬದಲಾಗದ ಲೆನ್ಸ್‌ಗೆ ಪ್ರೈಮ್ ಲೆನ್ಸ್ ಎಂದು ಹೆಸರು. ಫಿಲ್ಮ್ ಬಳಸುವ ಇಂತಹ ಕ್ಯಾಮೆರಾಕ್ಕೆ ಒಂದೇ ಲೆನ್ಸ್ ಇಟ್ಟುಕೊಳ್ಳುವವರು ಸಾಮಾನ್ಯವಾಗಿ 28, 35 ಮತ್ತು 50 ಮಿಲಿಮೀಟರ್ ಸಂಗಮದೂರಗಳ ನಡುವೆ ಆಯ್ಕೆ ಮಾಡುತ್ತಾರೆ. ಆಯ್ಕೆಯು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಕ್ಯಾಮೆರಾದ ಕಿಂಡಿ ತೋರಿಸುವ ಚೌಕಟ್ಟು, ಛಾಯಾಗ್ರಾಹಕನು ವಸ್ತುವಿನಿಂದ ಎಷ್ಟು ದೂರ ನಿಲ್ಲಬಲ್ಲನು ಎಂಬುದು ಮತ್ತು ಲಭ್ಯವಿರುವ ಬೆಳಕು.

ಈ ಲೇಖನದಲ್ಲಿ ಉದಾಹರಣೆಗಳಿಗಾಗಿ ಬಾಗಲಕೋಟೆ ಜಿಲ್ಲೆಯ ಕೆರೂರ, ಬಾದಾಮಿ, ಪಟ್ಟದಕಲ್ಲು ಮತ್ತು ಇಳಕಲ್ ಪರಿಸರವನ್ನು ತೆಗೆದುಕೊಳ್ಳಲಾಗಿದೆ. ಗುಹಾಲಯದ ಮಂದ ಬೆಳಕು, ಬಯಲಿನ ಪ್ರಖರ ಬಿಸಿಲು, ನೇಕಾರರ ಮನೆಯ ಇಕ್ಕಟ್ಟು, ಜಾತ್ರೆಯ ಜನಸಂದಣಿ ಇವೆಲ್ಲವೂ ಇಲ್ಲಿ ಒಂದು ದಿನದ ಓಡಾಟದಲ್ಲಿಯೇ ಎದುರಾಗುವುದರಿಂದ ಒಂದು ಲೆನ್ಸ್‌ನ ಶಕ್ತಿ ಮತ್ತು ಮಿತಿ ಎರಡೂ ಸ್ಪಷ್ಟವಾಗುತ್ತವೆ.

ಹಿನ್ನೆಲೆ

ಬಾದಾಮಿ ಪರಿಸರದ ಛಾಯಾಗ್ರಹಣಕ್ಕೆ ದೀರ್ಘ ಇತಿಹಾಸವಿದೆ. ಸೇನಾಧಿಕಾರಿ ಥಾಮಸ್ ಬಿಗ್ಸ್ 1855ರ ಸುಮಾರಿಗೆ ಇಲ್ಲಿನ ಸ್ಮಾರಕಗಳ ಚಿತ್ರಗಳನ್ನು ತೆಗೆದರು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರ ಮತ್ತು ಇತರ ಇಬ್ಬರ ಚಿತ್ರಗಳು ಸೇರಿವೆ. ಆ ಗ್ರಂಥಕ್ಕೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದಿದ್ದಾರೆ. ಅಂದಿನ ಕ್ಯಾಮೆರಾಗಳು ಮುಕ್ಕಾಲಿಯ ಮೇಲೆ ನಿಲ್ಲಿಸಿ ಬಳಸಬೇಕಾದ ಭಾರಿ ಪೆಟ್ಟಿಗೆಗಳಾಗಿದ್ದವು.

ಕೈಯಲ್ಲಿ ಹಿಡಿದು ಬಳಸುವ 35 ಮಿ.ಮೀ. ಫಿಲ್ಮ್ ಕ್ಯಾಮೆರಾವನ್ನು ಜನಪ್ರಿಯಗೊಳಿಸಿದ್ದು ಜರ್ಮನಿಯ ಲೈಕಾ. ಆಸ್ಕರ್ ಬಾರ್ನಾಕ್ ರೂಪಿಸಿದ ಈ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಬಿಚ್ಚಲಾಗದ 50 ಮಿ.ಮೀ. ಲೆನ್ಸ್ ಒಂದೇ ಇತ್ತು. ಲೆನ್ಸ್‌ನೊಡನೆ ಜೋಡಣೆಗೊಂಡ ರೇಂಜ್‌ಫೈಂಡರ್ 1932ರ ಲೈಕಾ 2 ಮಾದರಿಯಲ್ಲಿ ಬಂದಿತು. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸೋನ್ ತಮ್ಮ ಕೆಲಸದ ಬಹುಪಾಲನ್ನು ಲೈಕಾ ಮತ್ತು 50 ಮಿ.ಮೀ. ಲೆನ್ಸ್‌ನಿಂದಲೇ ಮಾಡಿದರು. ಅವರು 1947–48ರಲ್ಲಿ ಭಾರತದಲ್ಲಿದ್ದು, ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ ದಾಖಲಿಸಿದರು.

ಕಿಂಡಿ ಮತ್ತು ಚೌಕಟ್ಟು

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸ್ ಬದಲಾದರೆ ಕಾಣುವ ದೃಶ್ಯವೂ ಬದಲಾಗುತ್ತದೆ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ. ಕಿಂಡಿಯ ದೃಶ್ಯ ಎಂದಿನಂತೆಯೇ ಇದ್ದು, ಅದರೊಳಗೆ ಹೊಳೆಯುವ ಗೆರೆಗಳ ಚೌಕಟ್ಟು ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಆದುದರಿಂದ ಲೆನ್ಸ್ ಆರಿಸುವ ಮೊದಲು ಕ್ಯಾಮೆರಾದಲ್ಲಿ ಯಾವ ಚೌಕಟ್ಟುಗಳಿವೆ ಎಂದು ತಿಳಿಯಬೇಕು. 1954ರ ಲೈಕಾ ಎಂ3 ಮಾದರಿಯಲ್ಲಿ 50, 90 ಮತ್ತು 135 ಮಿ.ಮೀ. ಚೌಕಟ್ಟುಗಳಿವೆ, 35 ಮಿ.ಮೀ.ಗೆ ಇಲ್ಲ. ಅನಂತರದ ಎಂ2 ಮಾದರಿಯಲ್ಲಿ 35, 50 ಮತ್ತು 90 ಮಿ.ಮೀ. ಚೌಕಟ್ಟುಗಳಿವೆ. 1984ರ ಎಂ6ರಲ್ಲಿ 28ರಿಂದ 135 ಮಿ.ಮೀ.ವರೆಗೆ ಆರು ಚೌಕಟ್ಟುಗಳಿವೆ. ಸೋವಿಯತ್ ನಿರ್ಮಿತ ಜೋರ್ಕಿ 4 ಕ್ಯಾಮೆರಾದ ಕಿಂಡಿ 50 ಮಿ.ಮೀ. ಲೆನ್ಸ್‌ಗೆ ಹೊಂದುವಂತಹುದು. ಚೌಕಟ್ಟು ಇಲ್ಲದ ಸಂಗಮದೂರಕ್ಕೆ ಕ್ಯಾಮೆರಾದ ನೆತ್ತಿಯ ಮೇಲೆ ಬೇರೊಂದು ಕಿಂಡಿಯನ್ನು ಕೂರಿಸಬೇಕಾಗುತ್ತದೆ. ಆಗ ಒಂದು ಕಿಂಡಿಯಲ್ಲಿ ದೂರ, ಇನ್ನೊಂದರಲ್ಲಿ ಚೌಕಟ್ಟು ನೋಡಬೇಕಾಗುವುದರಿಂದ ಕೆಲಸ ನಿಧಾನವಾಗುತ್ತದೆ.

ಕನ್ನಡಕ ಧರಿಸುವವರ ಕಣ್ಣು ಕಿಂಡಿಯಿಂದ ತುಸು ದೂರ ಉಳಿಯುವುದರಿಂದ ಅಂಚಿನಲ್ಲಿರುವ 28 ಮಿ.ಮೀ. ಚೌಕಟ್ಟು ಅವರಿಗೆ ಪೂರ್ಣವಾಗಿ ಕಾಣದಿರಬಹುದು. ಇಂತಹವರಿಗೆ 35 ಅಥವಾ 50 ಮಿ.ಮೀ. ಅನುಕೂಲ.

ನೋಟದ ವ್ಯಾಪ್ತಿ

35 ಮಿ.ಮೀ. ಫಿಲ್ಮಿನ ಒಂದು ಚಿತ್ರದ ಅಳತೆ 24 × 36 ಮಿ.ಮೀ. ವಸ್ತುವಿನ ದೂರವನ್ನು 36ರಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಚಿತ್ರದಲ್ಲಿ ಅಡಕವಾಗುವ ಅಗಲ ಸುಮಾರಾಗಿ ದೊರೆಯುತ್ತದೆ. 24ರಿಂದ ಗುಣಿಸಿದರೆ ಎತ್ತರ ದೊರೆಯುತ್ತದೆ. 3 ಮೀಟರ್ ದೂರದಿಂದ ದೊರೆಯುವ ವ್ಯಾಪ್ತಿ ಹೀಗಿದೆ:

• 28 ಮಿ.ಮೀ.: ಅಗಲ 3.9 ಮೀ., ಎತ್ತರ 2.6 ಮೀ.
• 35 ಮಿ.ಮೀ.: ಅಗಲ 3.1 ಮೀ., ಎತ್ತರ 2.1 ಮೀ.
• 50 ಮಿ.ಮೀ.: ಅಗಲ 2.2 ಮೀ., ಎತ್ತರ 1.4 ಮೀ.
• 90 ಮಿ.ಮೀ.: ಅಗಲ 1.2 ಮೀ., ಎತ್ತರ 0.8 ಮೀ.

ಬಾದಾಮಿಯ ಮೊದಲನೆಯ ಗುಹೆಯ ಬಳಿಯಿರುವ ಹದಿನೆಂಟು ಕೈಗಳ ನಟರಾಜನ ಎತ್ತರ ಸುಮಾರು 5 ಅಡಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಸುತ್ತ ಸ್ವಲ್ಪ ಬಂಡೆಯೂ ಕಾಣುವಂತೆ 2 ಮೀಟರ್ ಎತ್ತರವನ್ನು ತುಂಬಿಸಲು 50 ಮಿ.ಮೀ. ಲೆನ್ಸ್‌ನಿಂದ ಸುಮಾರು 2.8 ಮೀ., 35 ಮಿ.ಮೀ. ಲೆನ್ಸ್‌ನಿಂದ ಸುಮಾರು 1.9 ಮೀ. ದೂರ ನಿಲ್ಲಬೇಕು. ಇಲ್ಲಿ ಹಿಂದೆ ಸರಿಯಲು ಸ್ಥಳವಿರುವುದರಿಂದ ಎರಡೂ ಸಾಧ್ಯ. ಆದರೆ ಇಳಕಲ್ ಅಥವಾ ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಮಗ್ಗವೇ ಕೋಣೆಯ ಬಹುಭಾಗವನ್ನು ಆಕ್ರಮಿಸಿರುತ್ತದೆ. ನೇಕಾರ, ಮಗ್ಗ ಮತ್ತು ಹಾಸು ಮೂರೂ ಒಂದೇ ಚಿತ್ರದಲ್ಲಿ ಬರಬೇಕಾದರೆ ಗೋಡೆಗೆ ಬೆನ್ನು ಕೊಟ್ಟು ನಿಂತರೂ 50 ಮಿ.ಮೀ. ಸಾಲದೆ ಹೋಗಬಹುದು. ನೇಯುವ ಕೈಗಳು ಮತ್ತು ಸೀರೆಯ ಸೆರಗು ಮಾತ್ರ ಸಾಕೆನ್ನುವವರಿಗೆ ಅದೇ 50 ಮಿ.ಮೀ. ಹೆಚ್ಚು ಹಿತಕರ.

ಸಂಗಮದೂರ ಹೆಚ್ಚಿದಂತೆ ವಸ್ತುಗಳು ಒತ್ತೊತ್ತಾಗಿ ಕಾಣುತ್ತವೆ ಎಂಬ ಹೇಳಿಕೆ ಪೂರ್ಣ ಸರಿಯಲ್ಲ. ಹಿಂದುಮುಂದಿನ ವಸ್ತುಗಳ ಸಂಬಂಧವನ್ನು ನಿರ್ಧರಿಸುವುದು ನಿಂತ ಜಾಗ, ಲೆನ್ಸ್ ಅಲ್ಲ. ಆದರೆ ಒಂದೇ ಲೆನ್ಸ್ ಇರುವಾಗ ಚೌಕಟ್ಟನ್ನು ತುಂಬಿಸಲು ನಿಲ್ಲುವ ಜಾಗವನ್ನು ಲೆನ್ಸ್ ಗೊತ್ತುಮಾಡುತ್ತದೆ. 28 ಮಿ.ಮೀ. ಲೆನ್ಸ್‌ನಿಂದ ಒಬ್ಬರ ಮುಖವನ್ನು ಚೌಕಟ್ಟು ತುಂಬ ತೆಗೆಯಲು ತೀರ ಹತ್ತಿರ ಹೋಗಬೇಕಾಗಿ, ಮೂಗು ಮುಂದೆ ಬಂದಂತೆ ಕಾಣುತ್ತದೆ.

ಬೆಳಕು ಮತ್ತು ಅಪರ್ಚರ್

ಬಾದಾಮಿಯ ನಾಲ್ಕು ಗುಹಾಲಯಗಳು ಉತ್ತರಕ್ಕೆ ಮುಖ ಮಾಡಿವೆ. ಒಳಗೆ ನೇರ ಬಿಸಿಲು ಬೀಳುವುದು ವಿರಳ; ನೆಲ ಮತ್ತು ಆಕಾಶದಿಂದ ಮರಳಿದ ಮೃದುವಾದ ಬೆಳಕೇ ಅಲ್ಲಿನ ಆಧಾರ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಕ್ಕಾಲಿ ಬಳಸಲು ಅನುಮತಿ ಬೇಕಾಗುತ್ತದೆ. ಹೀಗಾಗಿ ಸಾಮಾನ್ಯ ಪ್ರವಾಸಿಗನು ಕೈಯಲ್ಲಿ ಹಿಡಿದೇ ಚಿತ್ರ ತೆಗೆಯಬೇಕು.

ಅಪರ್ಚರ್‌ನ (ದ್ಯುತಿರಂಧ್ರದ) ಸಂಖ್ಯೆ ಚಿಕ್ಕದಾದಷ್ಟು ಲೆನ್ಸ್ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಎಫ್/2 ಲೆನ್ಸ್ ಎಫ್/2.8 ಲೆನ್ಸ್‌ನ ಎರಡರಷ್ಟು, ಎಫ್/3.5 ಲೆನ್ಸ್‌ನ ಸುಮಾರು ಮೂರರಷ್ಟು ಬೆಳಕು ಕೊಡುತ್ತದೆ. ಕೈ ಅಲುಗದಂತೆ ತೆಗೆಯಬಹುದಾದ ಅತಿ ನಿಧಾನದ ಷಟರ್ ವೇಗವನ್ನು ಸಂಗಮದೂರದಿಂದ ಅಂದಾಜು ಮಾಡುವ ರೂಢಿಯಿದೆ: 50 ಮಿ.ಮೀ.ಗೆ ಸೆಕೆಂಡಿನ 1/60, 35 ಮಿ.ಮೀ.ಗೆ 1/30. ಅಂದರೆ ಒಂದೇ ಅಪರ್ಚರ್ ಇದ್ದರೂ 35 ಮಿ.ಮೀ. ಲೆನ್ಸ್‌ನಿಂದ ಅರ್ಧದಷ್ಟು ಬೆಳಕಿನಲ್ಲಿಯೂ ಚಿತ್ರ ತೆಗೆಯಬಹುದು. ಬನದ ಹುಣ್ಣಿಮೆಯಂದು ಆರಂಭವಾಗುವ ಬನಶಂಕರಿ ಜಾತ್ರೆಯ ರಾತ್ರಿ ದೀಪಗಳಲ್ಲಿ ಈ ಅಂತರ ಚಿತ್ರದ ಉಳಿವು ಅಳಿವಿನ ಪ್ರಶ್ನೆಯಾಗುತ್ತದೆ.

ಗುಹೆಗಾಗಿ ಐಎಸ್‌ಒ 400 ಫಿಲ್ಮ್ ತುಂಬಿಸಿಕೊಂಡವರು ಹೊರಗಿನ ಬಿಸಿಲಿಗೂ ಅದೇ ಸುರುಳಿಯನ್ನು ಬಳಸಬೇಕು. ಕ್ಯಾಮೆರಾದ ಅತಿ ಹೆಚ್ಚಿನ ವೇಗ 1/1000 ಆಗಿದ್ದರೆ ಪ್ರಖರ ಬಿಸಿಲಿನಲ್ಲಿ ಅಪರ್ಚರನ್ನು ಎಫ್/11ರಷ್ಟು ಕಿರಿದುಗೊಳಿಸುವುದು ಅನಿವಾರ್ಯ. ಎಫ್/1.4 ಲೆನ್ಸ್‌ಗೆ ಹೆಚ್ಚು ಹಣ ತೆತ್ತರೂ ಪಟ್ಟದಕಲ್ಲಿನ ಅಂಗಳದಲ್ಲಿ ಅದರಿಂದ ಪ್ರಯೋಜನವಿಲ್ಲ. ಎಫ್/2 ಲೆನ್ಸ್ ಗಾತ್ರದಲ್ಲಿ ಚಿಕ್ಕದು. ಕಿಂಡಿಯ ದೃಶ್ಯಕ್ಕೆ ಅಡ್ಡ ಬರುವುದೂ ಕಡಿಮೆ.

ಫೋಕಸ್ ಮಾಡುವ ಅನುಕೂಲ

ಎಫ್/2ರಲ್ಲಿ 1 ಮೀಟರ್ ದೂರದ ವಸ್ತುವನ್ನು ತೆಗೆಯುವಾಗ ಸ್ಪಷ್ಟವಾಗಿ ಮೂಡುವ ಆಳ 50 ಮಿ.ಮೀ. ಲೆನ್ಸ್‌ಗೆ ಸುಮಾರು 5 ಸೆಂ.ಮೀ., 35 ಮಿ.ಮೀ. ಲೆನ್ಸ್‌ಗೆ ಸುಮಾರು 9 ಸೆಂ.ಮೀ. ಸಂಗಮದೂರ ಹೆಚ್ಚಿದಷ್ಟು ರೇಂಜ್‌ಫೈಂಡರ್ ಹೆಚ್ಚು ಕರಾರುವಾಕ್ಕಾಗಿರಬೇಕು. 90 ಮಿ.ಮೀ. ಲೆನ್ಸ್ ಏಕೈಕ ಲೆನ್ಸ್ ಆಗಿ ಅಪರೂಪವಾಗಿರಲು ಇದೂ ಒಂದು ಕಾರಣ. ಅದರ ಚೌಕಟ್ಟು ಕಿಂಡಿಯ ನಡುವೆ ಚಿಕ್ಕದಾಗಿ ಕಾಣುವುದು ಇನ್ನೊಂದು.

ಬಿಸಿಲಿನಲ್ಲಿ ಫೋಕಸ್ ಮಾಡುವ ಅಗತ್ಯವೇ ಕಡಿಮೆಯಾಗುತ್ತದೆ. ಎಫ್/11ರಲ್ಲಿ 35 ಮಿ.ಮೀ. ಲೆನ್ಸ್‌ನ ದೂರವನ್ನು ಸುಮಾರು 3.7 ಮೀಟರಿಗೆ ಇರಿಸಿದರೆ 1.9 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. 50 ಮಿ.ಮೀ. ಲೆನ್ಸ್‌ನಲ್ಲಿ 7.6 ಮೀಟರಿಗೆ ಇರಿಸಬೇಕು. ಆಗ ಸ್ಪಷ್ಟತೆ 3.8 ಮೀಟರಿನಿಂದ ಆರಂಭವಾಗುತ್ತದೆ. ತೇರು ಎಳೆಯುವ ಜನರ ನಡುವೆ, ಕೆರೂರದ ಬಸ್ ನಿಲ್ದಾಣದ ಗದ್ದಲದಲ್ಲಿ ಬಿಂಬಗಳನ್ನು ಕೂಡಿಸುತ್ತ ನಿಲ್ಲಲು ಸಮಯವಿರುವುದಿಲ್ಲ. ಅಲ್ಲಿ 35 ಮಿ.ಮೀ. ಲೆನ್ಸ್ ಹೆಚ್ಚು ಕ್ಷಮಾಶೀಲ.

ಬಹುತೇಕ ರೇಂಜ್‌ಫೈಂಡರ್ ಲೆನ್ಸ್‌ಗಳು 0.7 ಅಥವಾ 1 ಮೀಟರಿಗಿಂತ ಹತ್ತಿರದ ವಸ್ತುವಿಗೆ ಫೋಕಸ್ ಆಗುವುದಿಲ್ಲ. ಶಾಸನದ ಒಂದು ಅಕ್ಷರ, ಗುಳೇದಗುಡ್ಡದ ಖಣದ ಒಂದು ಎಳೆ ಇವು ಯಾವ ಸಂಗಮದೂರವನ್ನು ಆರಿಸಿದರೂ ಈ ಕ್ಯಾಮೆರಾದ ವ್ಯಾಪ್ತಿಗೆ ಹೊರಗೇ ಉಳಿಯುತ್ತವೆ.

ಜೋಡಣೆ ಮತ್ತು ಹಳೆಯ ಲೆನ್ಸ್‌ಗಳ ಪರೀಕ್ಷೆ

ಹಳೆಯ ಲೈಕಾ, ಜೋರ್ಕಿ, ಫೆಡ್ ಕ್ಯಾಮೆರಾಗಳಲ್ಲಿ 39 ಮಿ.ಮೀ. ವ್ಯಾಸದ ತಿರುಪು ಜೋಡಣೆಯಿದೆ. 1954ರ ನಂತರದ ಲೈಕಾ ಎಂ ಸರಣಿಯಲ್ಲಿ ಸಿಕ್ಕಿಸಿ ತಿರುಗಿಸುವ ಜೋಡಣೆಯಿದೆ. ತಿರುಪಿನ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಎಂ ಕ್ಯಾಮೆರಾಗಳಲ್ಲಿ ಬಳಸಬಹುದು. ಎಂ ಲೆನ್ಸ್‌ಗಳನ್ನು ತಿರುಪಿನ ಕ್ಯಾಮೆರಾಗಳಲ್ಲಿ ಬಳಸಲಾಗದು. ಜ್ಯೂಪಿಟರ್ 8ರಂತಹ ಸೋವಿಯತ್ ಲೆನ್ಸ್‌ಗಳು ಲೈಕಾದ ಅಳತೆಗೆ ಪೂರ್ಣವಾಗಿ ಹೊಂದದಿರುವುದರಿಂದ ಹತ್ತಿರದ ದೂರಗಳಲ್ಲಿ ಫೋಕಸ್ ತಪ್ಪಬಹುದು.

ಬಳಸಿದ ಲೆನ್ಸ್ ಕೊಳ್ಳುವವರು ಅದನ್ನು ಬೆಳಕಿಗೆ ಹಿಡಿದು ಬೂಷ್ಟು, ಮಬ್ಬು ಮತ್ತು ಗೀರುಗಳಿವೆಯೇ ಎಂದು ನೋಡಬೇಕು; ಅಪರ್ಚರ್‌ನ ಪಟ್ಟಿಗಳ ಮೇಲೆ ಎಣ್ಣೆ ಇರಬಾರದು; ಫೋಕಸ್ ಉಂಗುರ ಸರಾಗವಾಗಿ ತಿರುಗಬೇಕು. ಓರೆಯಾಗಿ ಇರಿಸಿದ ಅಳತೆಪಟ್ಟಿಯ ಒಂದು ಅಂಕಿಗೆ 1 ಮೀಟರ್ ದೂರದಿಂದ, ಅಪರ್ಚರನ್ನು ಪೂರ್ತಿ ತೆರೆದು ಫೋಕಸ್ ಮಾಡಿ ಚಿತ್ರ ತೆಗೆದರೆ, ಚಿತ್ರದಲ್ಲಿ ಅದೇ ಅಂಕಿ ಸ್ಪಷ್ಟವಾಗಿದೆಯೇ ಎಂಬುದರಿಂದ ಕ್ಯಾಮೆರಾ ಮತ್ತು ಲೆನ್ಸ್‌ನ ಹೊಂದಾಣಿಕೆ ತಿಳಿಯುತ್ತದೆ.

ಆಯ್ಕೆಯ ಸಾರಾಂಶ

ಮನೆಯೊಳಗಿನ ಕಸುಬು, ಬೀದಿ ಮತ್ತು ಜಾತ್ರೆಗಳನ್ನು ಮುಖ್ಯವಾಗಿ ದಾಖಲಿಸುವವರಿಗೆ 35 ಮಿ.ಮೀ., ಎಫ್/2 ಅಥವಾ ಎಫ್/2.8 ಲೆನ್ಸ್ ಸೂಕ್ತ. ಶಿಲ್ಪ, ಭಾವಚಿತ್ರ ಮತ್ತು ಆಯ್ದ ವಿವರಗಳತ್ತ ಒಲವುಳ್ಳವರಿಗೆ 50 ಮಿ.ಮೀ., ಎಫ್/2 ಲೆನ್ಸ್ ಸೂಕ್ತ. ಹಳೆಯ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಇದೇ ಅಗ್ಗ. ಇಡೀ ದೇವಾಲಯವನ್ನು ಇಕ್ಕಟ್ಟಾದ ಅಂಗಳದಿಂದ ತೆಗೆಯುವುದೇ ಮುಖ್ಯವಾದವರಿಗೆ 28 ಮಿ.ಮೀ. ನೆರವಾಗುತ್ತದೆ. ಈಗಾಗಲೇ ಎಸ್‌ಎಲ್‌ಆರ್ ಅಥವಾ ಮೊಬೈಲ್ ಚಿತ್ರಗಳಿರುವವರು, ಅವುಗಳಲ್ಲಿ ತಾವು ಸಾಮಾನ್ಯವಾಗಿ ಎಷ್ಟು ದೂರದಿಂದ ಚಿತ್ರ ತೆಗೆದಿದ್ದೇವೆ ಎಂದು ಪರಿಶೀಲಿಸಿದರೆ ಆಯ್ಕೆ ಸುಲಭವಾಗುತ್ತದೆ.

ಎಚ್ಚರಿಕೆಗಳು

ರೇಂಜ್‌ಫೈಂಡರ್‌ನಲ್ಲಿ ಲೆನ್ಸ್‌ನ ಮುಚ್ಚಳ ತೆಗೆಯದಿದ್ದರೂ ಕಿಂಡಿಯಲ್ಲಿ ದೃಶ್ಯ ಕಾಣುತ್ತಲೇ ಇರುತ್ತದೆ. 36 ಚಿತ್ರಗಳ ಸುರುಳಿ ಪೂರ್ತಿ ಖಾಲಿಯಾಗಿ ಬರುವ ಅಪಾಯ ಇದರಿಂದ ಉಂಟು. ಬಟ್ಟೆಯ ಷಟರ್ ಇರುವ ಕ್ಯಾಮೆರಾದ ಲೆನ್ಸ್ ತೆರೆದಿದ್ದಾಗ ಸೂರ್ಯನತ್ತ ಮುಖ ಮಾಡಿದ್ದರೆ, ಲೆನ್ಸ್ ಬೂದುಗಾಜಿನಂತೆ ವರ್ತಿಸಿ ಷಟರ್‌ನಲ್ಲಿ ಸುಟ್ಟ ರಂಧ್ರ ಬೀಳಬಹುದು. ಆದುದರಿಂದ ಬೇಸಿಗೆಯ ಬಿಸಿಲಿನಲ್ಲಿ ನಡೆಯುವಾಗ ಮುಚ್ಚಳ ಹಾಕಿರುವುದು, ಚಿತ್ರ ತೆಗೆಯುವ ಮುನ್ನ ಅದನ್ನು ಮರೆಯದೆ ತೆಗೆಯುವುದು ಎರಡೂ ಅಗತ್ಯ.