ಬಣ್ಣದಲ್ಲಿ ಮಾತಾಡುವ ಗೋಸುಂಬೆ

‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಎಂಬುದು ಗಾದೆ. ಜೋಗದ ಸುತ್ತಮುತ್ತ, ಸಾಗರ, ಹೊಸನಗರ, ತೀರ್ಥಹಳ್ಳಿಯ ಊರುಗಳಲ್ಲಿ ಮಳೆ ಶುರುವಾಗುವ ಹೊತ್ತಿಗೆ ಬೇಲಿಗೂಟವೇರಿ ತಲೆ ಕುಣಿಸುವ ಗಂಡು ಓತಿಕ್ಯಾತದ ಕತ್ತು ಕೆಂಪೇರಿರುತ್ತದೆ. ದೂರದಿಂದಲೇ ರಕ್ತ ಹೀರುತ್ತದೆಂದು ಹೆದರಿ ಕಲ್ಲೆಸೆಯುವ ಹುಡುಗರಿದ್ದಾರೆ. ಗೋಸುಂಬೆ ಸಿಕ್ಕಿತೆಂದು ರಟ್ಟಿನ ಡಬ್ಬಿಯಲ್ಲಿಟ್ಟು ಸಾಕಲು ಹೊರಡುವವರೂ ಇದ್ದಾರೆ. ಎರಡೂ ತಪ್ಪು.

ಓತಿಕ್ಯಾತ ತಿನ್ನುವುದು ಮುಖ್ಯವಾಗಿ ಹುಳುಹುಪ್ಪಟೆಗಳನ್ನು. ಅದರ ಕೆಂಪು ರಕ್ತದ ಬಣ್ಣವಲ್ಲ; ಹೆಣ್ಣಿಗೆ ಆಹ್ವಾನ, ಎದುರಾಳಿ ಗಂಡಿಗೆ ಎಚ್ಚರಿಕೆ. ನಿಜವಾದ ಗೋಸುಂಬೆ ಅಥವಾ ಊಸರವಳ್ಳಿಯೇ ಬೇರೆ. ಅದರ ಬಾಲ ಕೊಂಬೆಗೆ ಸುತ್ತಿಕೊಳ್ಳುತ್ತದೆ, ಪಾದಗಳು ಇಕ್ಕುಳದಂತೆ ಹಿಡಿಯುತ್ತವೆ. ಒಂದು ಕಣ್ಣು ಮುಂದೆ ನೋಡುವಾಗ ಇನ್ನೊಂದು ಹಿಂದೆ ನೋಡಬಲ್ಲದು. ಮಲೆನಾಡಿನ ದಟ್ಟ ಕಾಡಿಗಿಂತ ಬಯಲುಸೀಮೆಯ ಕುರುಚಲು ಕಾಡು ಅದಕ್ಕೆ ಹೆಚ್ಚು ಒಗ್ಗುತ್ತದೆ.

ಕುಳಿತ ಜಾಗದ ಬಣ್ಣವನ್ನೇ ಗೋಸುಂಬೆ ತಾಳುತ್ತದೆ ಎಂಬ ನಂಬಿಕೆಯಿದೆ. ಆದರೆ ಎಲೆಗಳ ನಡುವೆ ಮರೆಯಾಗಲು ಅದರ ಸಹಜ ಹಸಿರೇ ಸಾಕು. ಬಣ್ಣ ಬದಲಾಗುವುದು ಹೆಚ್ಚಾಗಿ ಕೋಪ, ಭಯ, ಪ್ರಣಯಗಳನ್ನು ತಿಳಿಸಲು. ಮೈ ತಣ್ಣಗಿರುವ ಬೆಳಗಿನಲ್ಲಿ ಕಪ್ಪಾಗಿ ಬಿಸಿಲು ಹೀರಿಕೊಳ್ಳುವುದೂ ಉಂಟು.

ಇದು ನಡೆಯುವುದು ಹೇಗೆ? ಮಡಗಾಸ್ಕರ್‌ನ ಒಂದು ಜಾತಿಯ ಗೋಸುಂಬೆಯನ್ನು ಪರೀಕ್ಷಿಸಿದ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಉತ್ತರ ಕೊಟ್ಟರು. ಚರ್ಮದ ಜೀವಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿವೆ. ಪ್ರಾಣಿ ಶಾಂತವಾಗಿದ್ದಾಗ ಅವು ಒತ್ತಾಗಿದ್ದು ನೀಲಿ ಬೆಳಕನ್ನು ಪ್ರತಿಫಲಿಸುತ್ತವೆ. ಚರ್ಮದ ಹಳದಿ ವರ್ಣದ್ರವ್ಯದೊಡನೆ ಸೇರಿ ನಮಗೆ ಹಸಿರು ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಿ ಹಳದಿ, ಕೆಂಪು ಮೂಡುತ್ತವೆ.

ಆದ್ದರಿಂದ ಡಬ್ಬಿಯಲ್ಲಿ ಗೋಸುಂಬೆ ಕಪ್ಪಿಟ್ಟರೆ ಅದು ಆಟವಲ್ಲ, ಸಂಕಟವಿರಬಹುದು. ಎಲೆಯ ಮೇಲಿನ ಹನಿ ನೆಕ್ಕಿ ಬದುಕುವ ಅದಕ್ಕೆ ಬಟ್ಟಲಿನ ನಿಂತ ನೀರು ಸಾಮಾನ್ಯವಾಗಿ ನೀರೆಂದೇ ತೋರದು. ತಕ್ಕ ಬಿಸಿಲು, ಸುಣ್ಣದಂಶ ಸಿಗದಿದ್ದರೆ ಮೂಳೆಗಳು ಮೆತ್ತಗಾಗುತ್ತವೆ. ಮೇಲಾಗಿ ಭಾರತದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿದು ಸಾಕುವುದು ಅಪರಾಧ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ದಲ್ಲಿ ಎಲ್ಲರೂ ಹುಡುಕುತ್ತ ಹೋದ ಹಾರುವ ಓತಿ ಕೊನೆಗೆ ಯಾರ ಕೈಗೂ ಸಿಗದೆ ತೇಲಿಹೋಗುತ್ತದೆ. ಸಿಗದಿದ್ದರೂ ಕಂಡ ಸಂತೋಷವೇನೂ ಕಡಿಮೆಯಲ್ಲ. ಮಕ್ಕಳು ಹಠ ಹಿಡಿದರೆ ಡಬ್ಬಿಯ ಬದಲು ಒಂದು ನೋಟ್‌ಬುಕ್ ಕೊಡಿ. ಬೇಲಿಯ ಓತಿಕ್ಯಾತ ಯಾವ ಹೊತ್ತಿಗೆ, ಯಾರನ್ನು ಕಂಡು ಕೆಂಪಾಯಿತೆಂದು ಜಗಲಿಯಲ್ಲೇ ಕುಳಿತು ಬರೆದಿಡಲಿ.